ಹರಿಗೋಲಿನ ಸುಣ್ಣದ ಗೆರೆ

ಸಿರುಗುಪ್ಪದ ಹತ್ತಿರ, ತುಂಗಭದ್ರೆಯನ್ನು ದಾಟುವ ಕೆಂಚನಗುಡ್ಡದ ಕಡವಿನಲ್ಲಿ ಇಬ್ಬರು ಕೂಲಿ ಹೆಂಗಸರು ಮುಳುಗಿ ಸತ್ತದ್ದಕ್ಕೆ ಹೊಣೆಗಾರರು ಆ ಕಡವಿನ ಗುತ್ತಿಗೆದಾರ ಮತ್ತು ಯಾವ ಷರತ್ತನ್ನೂ ವಿಧಿಸದೆ ಅವನಿಗೆ ಕಡವನ್ನು ಹರಾಜಿನಲ್ಲಿ ಒಪ್ಪಿಸಿದವರು. ನಮ್ಮ ಚಿಕ್ಕಪ್ಪ ಅಲ್ಲ. ವಿಚಾರಣೆಗೆಂದು ನೇಮಕವಾದ ಸಮಿತಿ ಇದಕ್ಕೆ ತದ್ವಿರುದ್ಧವಾದ ಮಾತನ್ನು ಬರೆದು ಕೈ ತೊಳೆದುಕೊಂಡಿದೆ. ಹರಿಗೋಲಿನಲ್ಲಿ ಎಷ್ಟು ಭಾರ ಹೇರಬಹುದೆಂಬ ಗೆರೆಯನ್ನು ರಜೆಯ ಮೇಲೆ ಬಂದಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ತಪ್ಪಾಗಿ ಹಾಕಿಕೊಟ್ಟರು, ಕಡವಿನವರು ಅದನ್ನು ನಂಬಿದರು, ಆದ್ದರಿಂದ ಅವಘಡವಾಯಿತು ಎಂಬುದು ಅದರ ತೀರ್ಮಾನ. ಅದನ್ನು ಬರೆಯುವಾಗ ಆ ಅಧಿಕಾರಿ, ಅಂದರೆ ನಮ್ಮ ಚಿಕ್ಕಪ್ಪ, ಸಮುದ್ರದ ಮೇಲಿದ್ದರು. ಸಮಿತಿ ಅವರನ್ನು ಕರೆಯಲಿಲ್ಲ, ಕೇಳಲಿಲ್ಲ. ಈಗ ಕರೆದರೆ ಬರಲು ಅವರಿಲ್ಲ. ಅವರು ಗೆರೆ ಹಾಕಿದ ದಿನ ನಾನು ಆ ದಂಡೆಯ ಮೇಲಿದ್ದೆ. ಆದ್ದರಿಂದ ನಾನು ಬರೆಯಬೇಕಾಗಿದೆ.

ಅವರು ನನ್ನ ತಂದೆಯ ಕಿರಿಯ ತಮ್ಮ. ಕುರುಗೋಡಿನ ನಮ್ಮ ಮನೆಯಲ್ಲಿ ಅವರಿಗಿಂತ ಮೊದಲು ಸಮುದ್ರವನ್ನು ಕಂಡವರು ಇರಲಿಲ್ಲ. ಬಳ್ಳಾರಿಯಲ್ಲಿ ಹೈಸ್ಕೂಲು ಮುಗಿಸಿ, ಮನೆಯವರು ಸರ್ಕಾರಿ ಕಚೇರಿಯ ಗುಮಾಸ್ತಿಕೆಗೆ ಪ್ರಯತ್ನಿಸುತ್ತಿದ್ದಾಗ, ಅವರು ಮುಂಬೈಗೆ ಹೋಗಿ ನೌಕಾಪಡೆಯಲ್ಲಿ ನಾವಿಕರಾಗಿ ಸೇರಿದರು. ಎರಡನೆಯ ಮಹಾಯುದ್ಧ ಅವರನ್ನು ಅಧಿಕಾರಿಯನ್ನಾಗಿ ಮಾಡಿತು. ಸರಕಿನ ಹಡಗುಗಳಿಗೆ ಬೆಂಗಾವಲಾಗಿ ಹೋಗುವ ಕೆಲಸದಲ್ಲಿ ಅವರು ಯುದ್ಧದ ವರ್ಷಗಳನ್ನು ಕಳೆದರು. ಯುದ್ಧ ಮುಗಿದ ಮೇಲೆ ಬಹಳ ಜನ ಬಿಟ್ಟು ಬಂದರು, ಅವರು ಬಿಡಲಿಲ್ಲ. ದೇಶ ಬದಲಾಯಿತು, ಟೋಪಿಯ ಮೇಲಿನ ಲಾಂಛನ ಬದಲಾಯಿತು, ಅವರು ಅದೇ ಕೆಲಸದಲ್ಲಿ ಮುಂದುವರಿದರು. ಇಷ್ಟು ಅವರ ಉದ್ಯೋಗದ ಚರಿತ್ರೆ.

ಮನುಷ್ಯನಾಗಿ ಅವರು ಏನಾಗಿದ್ದರು ಎಂಬುದನ್ನು ತಿಳಿಯಲು ಅವರು ರಜೆಗೆ ಬರುವುದನ್ನು ನೋಡಬೇಕಿತ್ತು. ಬಳ್ಳಾರಿಯ ರೈಲು ನಿಲ್ದಾಣದಲ್ಲಿ ಬೆಳಿಗ್ಗೆ ಇಳಿದವರು ಕುರುಗೋಡಿನ ಬಸ್ಸು ಹತ್ತುವಾಗ ಮಧ್ಯಾಹ್ನ ದಾಟಿರುತ್ತಿತ್ತು. ಜಟಕಾದವನ ಕುದುರೆಯ ಕಾಲಿನ ಗಾಯದ ವಿಚಾರ, ಕೌಲ್ ಬಜಾರಿನ ದರ್ಜಿಯ ಮಗಳ ಮದುವೆಯ ವಿಚಾರ, ಹತ್ತಿ ವ್ಯಾಪಾರಿಯ ಹೊಟ್ಟೆನೋವಿನ ವಿಚಾರ, ಎಲ್ಲವನ್ನೂ ಕಳೆದ ರಜೆಯಲ್ಲಿ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದ ಕೇಳುತ್ತಿದ್ದರು. ಒಬ್ಬನೊಡನೆ ಉರ್ದು, ಇನ್ನೊಬ್ಬನೊಡನೆ ತೆಲುಗು, ಎಲ್ಲರೊಡನೆ ನಗು. ಮನೆಗೆ ಬಂದ ಸಂಜೆಯಿಂದಲೇ ನಮ್ಮ ಪಡಸಾಲೆ ತುಂಬುತ್ತಿತ್ತು. ಅಜ್ಜಿ ರೊಟ್ಟಿ ಬಡಿಯುವ ಹೆಂಗಸನ್ನು ಒಂದು ತಿಂಗಳ ಮಟ್ಟಿಗೆ ನೇಮಿಸಿಕೊಳ್ಳುತ್ತಿದ್ದಳು. ಬಾದನಹಟ್ಟಿಯಿಂದ ಗಾಡಿ ಕಟ್ಟಿಕೊಂಡು ಬಂದು, ಉಂಡು, ಅಲ್ಲಿಯೇ ಮಲಗಿ ಹೋಗುವವರಿದ್ದರು. ಹಡಗಿನಲ್ಲಿ ತಿಂಗಳುಗಟ್ಟಲೆ ಅದೇ ಮುಖಗಳನ್ನು ನೋಡುವವನಿಗೆ ಜಗಳವಾಡದೆ ಇರುವ ವಿದ್ಯೆಯೊಂದು ಬೇಕಾಗುತ್ತದೆ, ಅದು ಪಕ್ಕದವನ ಸುದ್ದಿಯನ್ನು ಮನಸ್ಸಿಟ್ಟು ಕೇಳುವುದು ಎಂದು ಅವರು ಹೇಳುತ್ತಿದ್ದರು.

ಆ ಪಡಸಾಲೆಗೆ ತಪ್ಪದೆ ಬರುತ್ತಿದ್ದವರಲ್ಲಿ ಕಡವಿನ ಗುತ್ತಿಗೆದಾರನೂ ಒಬ್ಬ. ಸಿರುಗುಪ್ಪದವನು. ನನ್ನ ಸೋದರತ್ತೆಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರಿಂದ ಆ ಕಡೆಯ ಪರಿಚಯ. ಮಾತಿನಲ್ಲಿ ಚುರುಕು, ಹಾಸ್ಯದಲ್ಲಿ ಚಿಕ್ಕಪ್ಪನಿಗೆ ಸಮ. ಅವನು ಬಂದರೆ ಚಿಕ್ಕಪ್ಪ ತಮ್ಮ ಪಕ್ಕದಲ್ಲಿಯೇ ಕೂಡಿಸಿಕೊಳ್ಳುತ್ತಿದ್ದರು.

ಗೆರೆಯ ವಿಷಯ ಹುಟ್ಟಿದ್ದು ಯುದ್ಧ ಮುಗಿದ ನಂತರದ ಒಂದು ರಜೆಯಲ್ಲಿ. ನಾವು ಅತ್ತೆಯ ಮನೆಯಲ್ಲಿದ್ದೆವು. ಸಿರುಗುಪ್ಪದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಯಾರನ್ನೋ ಚಿಕ್ಕಪ್ಪ ಪರಿಚಯ ಮಾಡಿಕೊಂಡಿದ್ದರು. ಆತ ತುಂಗಭದ್ರೆಯ ಆಚೆ ದಂಡೆಯವನು, ಅಂದರೆ ಆಗಿನ ನಿಜಾಮನ ಸೀಮೆಯವನು. ಊಟಕ್ಕೆ ಕರೆದಿದ್ದ. ಬಸ್ಸಿನ ಪರಿಚಯಕ್ಕೆ ನದಿ ದಾಟಿ ಉಣ್ಣಲು ಹೋಗುವುದೇ ಎಂದು ಅತ್ತೆ ನಕ್ಕಳು. ಚಿಕ್ಕಪ್ಪ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಮರಳುವಾಗ ಕೆಂಚನಗುಡ್ಡದ ಹರಿಗೋಲು ತುಂಬಿತ್ತು. ಅದು ಬಿದಿರಿನ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದು ಮಾಡಿದ ದೊಡ್ಡ ಹರಿಗೋಲು. ಜನ, ಮೂಟೆ, ಎರಡು ಆಡು. ನೀರು ಅಂಚಿನ ಹತ್ತಿರ ಹತ್ತಿರ ಬಂದಿತ್ತು. ದಾರಿಯುದ್ದಕ್ಕೂ ಚಿಕ್ಕಪ್ಪ ಎಲ್ಲರನ್ನೂ ನಗಿಸುತ್ತಲೇ ಇದ್ದರು, ಆಡಿನ ಒಡತಿಯನ್ನೂ ನಗಿಸಿದರು. ಯಾರೂ ಅಲುಗಾಡದೆ ಕುಳಿತು ಕೇಳಲಿ ಎಂಬುದೇ ಆ ಮಾತುಗಳ ಉದ್ದೇಶವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಮರುದಿನ ಅವರು ಕಡವಿಗೆ ಹೋಗಿ ತಮಗೆ ಗೊತ್ತಿದ್ದ ಕೆಲಸವನ್ನು ಮಾಡಿದರು. ಸರಕಿನ ಹಡಗುಗಳ ಹೊರಮೈಯ ಮೇಲೆ ಒಂದು ಗೆರೆಯಿರುತ್ತದೆ. ನೀರು ಆ ಗೆರೆಯನ್ನು ಮುಟ್ಟಿದರೆ ಇನ್ನು ಹೇರಬಾರದು ಎಂದು ಅರ್ಥ. ಅಂಥದೇ ಗೆರೆ ಹರಿಗೋಲಿಗೂ ಬೇಕೆಂದರು. ದಂಡೆಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಹತ್ತಿಸಿ, ಅಂಚಿನಿಂದ ಒಂದು ಗೇಣು ಕೆಳಗೆ ನೀರು ಬಂದು ನಿಂತಾಗ ಸಾಕೆಂದರು. ಅಲ್ಲಿ ಮೊಳೆಯಿಂದ ಗೀಚಿ ಗುರುತು ಮಾಡಿ, ಹರಿಗೋಲನ್ನು ದಂಡೆಗೆಳೆದು ಬೋರಲು ಹಾಕಿಸಿ, ಸುತ್ತಲೂ ಸುಣ್ಣದಿಂದ ಒಂದೇ ಒಂದು ಗೆರೆ ಎಳೆದರು. ಕರಿಯ ತೊಗಲಿನ ಮೇಲೆ ಬಿಳಿಯ ಗೆರೆ ಆಚೆ ದಂಡೆಗೂ ಕಾಣುವಂತಿತ್ತು. ಸುಣ್ಣದ ಮಡಕೆಯನ್ನು ಹಿಡಿದು ಅವರ ಹಿಂದೆ ಹಿಂದೆ ಸುತ್ತಿದವನು ಗುತ್ತಿಗೆದಾರ. ಈ ಸಂಗತಿಯನ್ನು ಓದುಗರು ಗಮನದಲ್ಲಿಡಬೇಕು. ಅವನು ಎಲ್ಲೋ ದೂರದಲ್ಲಿರಲಿಲ್ಲ. ಮಡಕೆ ಅವನ ಕೈಯಲ್ಲಿತ್ತು.

ಅವನು ಸುಮ್ಮನೆಯೂ ಇರಲಿಲ್ಲ.

"ಸಾಹೇಬ್ರ, ಇದು ನಿಮ್ಮ ಹಡಗಲ್ರಿ, ಎಮ್ಮಿ ತೊಗಲು. ಇದಕ್ಯಾಕ ಜನಿವಾರ ಹಾಕಾಕ ಹತ್ತೀರಿ?"

"ತೊಗಲು ಎಮ್ಮೀದಾದ್ರೂ ಒಳಗ ಕುಂತವ್ರು ಮನಷ್ಯಾರಪಾ," ಎಂದರು ಚಿಕ್ಕಪ್ಪ. "ನೀರು ಈ ಗೆರಿ ಮುಟ್ಟಿತಂದ್ರ, ನಿನ್ನ ಬೀಗರೇ ಬಂದು ನಿಂತಿರ್ಲಿ, ಇನ್ನೊಬ್ಬರನ್ನ ಹತ್ತಿಸಬ್ಯಾಡ."

"ಬೀಗರನ್ನ ಹತ್ತಿಸಂಗಿಲ್ಲ ಬಿಡ್ರಿ. ಅವರನ್ನ ಈಜಾಕ ಹಚ್ಚತೀನಿ."

ದಂಡೆಯ ಮೇಲಿದ್ದವರೆಲ್ಲ ನಕ್ಕರು. ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ತಪ್ಪೇನಾದರೂ ಇದ್ದರೆ ಅದು ಆ ನಗುವಿನಲ್ಲಿತ್ತು ಎಂದು ನಾನು ಹೇಳಬಲ್ಲೆ. ಅದನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಹಡಗಿನ ಮೇಲೆ ಅವರು ಆಡಿದ ಮಾತು ಆಜ್ಞೆಯಾಗುತ್ತಿತ್ತು. ಊರಿನಲ್ಲಿ ಅದೇ ಮಾತು ಮನರಂಜನೆಯಾಗುತ್ತಿತ್ತು. ತಮ್ಮೊಡನೆ ನಕ್ಕವನು ತಮ್ಮ ಮಾತಿಗೆ ಒಪ್ಪಿದ್ದಾನೆ ಎಂದು ಅವರು ಜೀವನವಿಡೀ ತಿಳಿದಿದ್ದರು. ಸುಣ್ಣ ನೀರಿಗೆ ನಿಲ್ಲುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಮುಂದಿನ ರಜೆಗೆ ಮುಂಬೈಯಿಂದ ಹಡಗಿನ ಬಣ್ಣ ತಂದು ಗೆರೆಯನ್ನು ಕಾಯಂ ಮಾಡುತ್ತೇನೆ, ಅಲ್ಲಿಯವರೆಗೆ ಮೊಳೆಯ ಗೀಚನ್ನು ನೋಡಿ ವಾರಕ್ಕೊಮ್ಮೆ ಸುಣ್ಣ ಬಳಿಯಿರಿ ಎಂದು ಅಂಬಿಗನಿಗೂ ಗುತ್ತಿಗೆದಾರನಿಗೂ ಹೇಳಿದರು. ಮುಂದಿನ ರಜೆ ಬೇಗ ಬರಲಿಲ್ಲ. ಸ್ವಾತಂತ್ರ್ಯ ಬಂತು, ನದಿಯ ಆಚೆಗೆ ಗಲಭೆಗಳಾದವು, ಕಡವು ಕೆಲವು ಕಾಲ ಮುಚ್ಚಿತು, ನಿಜಾಮನ ಆಳ್ವಿಕೆ ಮುಗಿದ ಮೇಲೆ ಮತ್ತೆ ತೆರೆಯಿತು. ಅಷ್ಟು ಕಾಲವೂ ಅವರು ಹಡಗಿನ ಮೇಲೆಯೇ ಇದ್ದರು.

ಕಡವು ಮತ್ತೆ ತೆರೆದ ಮೇಲಿನ ಒಂದು ಮಳೆಗಾಲದಲ್ಲಿ ಅವಘಡವಾಯಿತು. ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಸಸಿ ನಾಟಿ ಮಾಡಲು ಆಚೆ ದಂಡೆಯಿಂದ ಹೆಂಗಸರು ಬರುತ್ತಿದ್ದರು. ಸಂಜೆ ಕೆಲಸ ಬಿಟ್ಟ ಮೇಲೆ ಎಲ್ಲರಿಗೂ ಒಮ್ಮೆಗೇ ಮನೆ ಸೇರುವ ಆತುರ. ನಡುಹೊಳೆಯಲ್ಲಿ ಹರಿಗೋಲು ಒಂದು ಕಡೆಗೆ ವಾಲಿ ನೀರು ತುಂಬಿಕೊಂಡಿತು. ಅಂಬಿಗರು ಉಳಿದವರನ್ನೆಲ್ಲ ಎಳೆದು ತಂದರು. ಇಬ್ಬರು ಸಿಗಲಿಲ್ಲ.

ಸಮಿತಿಯ ಮುಂದೆ ಗುತ್ತಿಗೆದಾರ ಹೇಳಿದ್ದು ಒಂದೇ ಮಾತು: ದೊಡ್ಡ ಸಾಹೇಬರು ಹಾಕಿಕೊಟ್ಟ ಗೆರೆಯನ್ನು ಮೀರಿ ನಾವು ಒಬ್ಬರನ್ನೂ ಹತ್ತಿಸಿಲ್ಲ. ಸಮಿತಿಯವರು ಹರಿಗೋಲನ್ನು ನೋಡಿದರು. ಅದರ ಮೇಲೆ ಬಿಳಿಯ ಗೆರೆಯಿತ್ತು. ಅಂಚಿಗೆ ತೀರ ಹತ್ತಿರವಿತ್ತು. ಆ ಗೆರೆಯನ್ನು ಅಲ್ಲಿ ಎಳೆದ ಕೈ ಯಾವುದು ಎಂದು ಅವರು ಕೇಳಲಿಲ್ಲ.

ಚಿಕ್ಕಪ್ಪನಿಗೆ ಈ ವಿಷಯವನ್ನು ಮನೆಯಲ್ಲಿ ಯಾರೂ ತಿಳಿಸಿರಲಿಲ್ಲ. ಮುಂದಿನ ರಜೆಗೆ ಬಂದಾಗ ಅವರು ಎಂದಿನಂತೆ ಬಳ್ಳಾರಿಯಲ್ಲಿ ಇಳಿದರು. ನಾನು ಆಗ ವಿಶ್ವವಿದ್ಯಾಲಯದ ಪರೀಕ್ಷೆ ಮುಗಿಸಿ ಬಂದಿದ್ದೆ, ಅವರನ್ನು ಎದುರುಗೊಳ್ಳಲು ನಿಲ್ದಾಣಕ್ಕೆ ಹೋಗಿದ್ದೆ. ಅವರು ಯಾವಾಗಲೂ ಉಗ್ಗಾಣಿ ಮಿರ್ಚಿ ತಿನ್ನುವ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋದರು. ನಾವು ಬೆಂಚಿನ ಮೇಲೆ ಕುಳಿತೆವು. ಒಳಗಿನ ಮೂಲೆಯಿಂದ ಸಿರುಗುಪ್ಪ ಕಡೆಯ ಪರಿಚಯದವನೊಬ್ಬ ಜೊತೆಯವರಿಗೆ ಹೇಳಿದ: "ಗೆರಿ ಸಾಹೇಬ್ರು ಬಂದ್ರು ನೋಡ್ರಲೇ. ಬೆಂಚಿನ ಮ್ಯಾಲೆ ಎಷ್ಟು ಮಂದಿ ಕುಂದರಬಹುದು, ಕೇಳ್ರಿ."

ಚಿಕ್ಕಪ್ಪನಿಗೆ ಹಿನ್ನೆಲೆ ಗೊತ್ತಿರಲಿಲ್ಲ. ತಮಾಷೆಯೆಂದುಕೊಂಡು ಬೆಂಚಿನ ಮೇಲೆ ಸರಿದು, "ಬರ್ರಿ, ನಿಮಗೂ ಜಾಗ ಐತಿ," ಎಂದರು. ಆತ ಬರಲಿಲ್ಲ. ತಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದ. ಬಸ್ಸಿನಲ್ಲಿ ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು.

ಕುರುಗೋಡಿನ ಪಡಸಾಲೆ ಆ ಸಂಜೆ ಖಾಲಿಯಿತ್ತು. ಮರುಸಂಜೆಯೂ ಖಾಲಿಯಿತ್ತು. ಬಂದವರು ಇಲ್ಲವೆಂದಲ್ಲ, ಕೌಲ್ ಬಜಾರಿನ ದರ್ಜಿ ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಬಂದು ಹೋದ. ಬಾದನಹಟ್ಟಿಯ ಗಾಡಿ ಬರಲಿಲ್ಲ. ನಮ್ಮ ಓಣಿಯವರು ಮನೆಯ ಮುಂದೆ ಹಾಯುವಾಗ ಎತ್ತಿನ ಕೊರಳ ಗಂಟೆಯನ್ನು ಸರಿಪಡಿಸುವವರಂತೆ ತಲೆ ಬಗ್ಗಿಸುತ್ತಿದ್ದರು. ಅಜ್ಜಿ ನೇಮಿಸಿಕೊಂಡಿದ್ದ ರೊಟ್ಟಿಯ ಹೆಂಗಸಿಗೆ ಕೆಲಸವಿರಲಿಲ್ಲ. ಯುದ್ಧದಲ್ಲಿ ಸಾವನ್ನು ಹತ್ತಿರದಿಂದ ನೋಡಿದ್ದ ಮನುಷ್ಯ ಅಂಗಳದ ಕಲ್ಲಿನ ಮೇಲೆ ಕುಳಿತು, ಬೀದಿಯಲ್ಲಿ ಯಾರದಾದರೂ ಹೆಜ್ಜೆ ಕೇಳಿಸಿದರೆ ಎದ್ದು ನಿಲ್ಲುತ್ತಿದ್ದರು. ಅವರ ಬದುಕಿನಲ್ಲಿ ಬೇರೆ ಸಂಪತ್ತು ಇರಲಿಲ್ಲ. ಮದುವೆಯಾಗಿರಲಿಲ್ಲ, ಹೊಲ ಕೊಂಡಿರಲಿಲ್ಲ. ಜನ ಬರುವುದೇ ಅವರ ಗಳಿಕೆಯಾಗಿತ್ತು.

ಆ ವಾರದ ಕೊನೆಯಲ್ಲಿ ನಾವಿಬ್ಬರೂ ಕೆಂಚನಗುಡ್ಡಕ್ಕೆ ಹೋದೆವು. ಅದೇ ಹರಿಗೋಲು ದಂಡೆಯ ಮೇಲೆ ಬೋರಲಾಗಿ ಒಣಗುತ್ತಿತ್ತು. ಚಿಕ್ಕಪ್ಪ ಬಗ್ಗಿ ತೊಗಲಿನ ಮೇಲೆ ಕೈಯಾಡಿಸಿದರು. ಮೊಳೆಯ ಗೀಚು ಇನ್ನೂ ಅಲ್ಲಿಯೇ ಇತ್ತು, ಅಂಚಿನಿಂದ ಒಂದು ಗೇಣು. ಆ ಗೀಚಿನ ಮೇಲೆ ಸುಣ್ಣವಿರಲಿಲ್ಲ. ಅದರಿಂದ ಅರ್ಧ ಗೇಣು ಮೇಲೆ, ಅಂಚಿನ ಕಡೆಗೆ, ಮೂರು ಬೆರಳಲ್ಲಿ ಎಳೆದ ಮೂರು ಬಿಳಿಯ ಗೆರೆಗಳಿದ್ದವು. ಸುಣ್ಣವಲ್ಲ, ವಿಭೂತಿ.

ಅಂಬಿಗನ ತಾಯಿ ಗುಡಿಸಲಿನಿಂದ ಹೊರಗೆ ಬಂದಳು. ಚಿಕ್ಕಪ್ಪನನ್ನು ಕಂಡು ಅವಳಿಗೆ ನಿಜವಾದ ಸಂತೋಷವಾಯಿತು. ಆ ರಜೆಯಲ್ಲಿ ಅವರನ್ನು ಕಂಡು ಮುಖವರಳಿಸಿದ ಕೆಲವೇ ಜನರಲ್ಲಿ ಅವಳೊಬ್ಬಳು. ಈ ಮೂರು ಗೆರೆಗಳು ಹೇಗೆ ಬಂದವು ಎಂದು ಅವರು ಕೇಳಿದರು. ಅವಳು ಅದರಲ್ಲಿ ಮುಚ್ಚಿಡುವಂಥದ್ದೇನನ್ನೂ ಕಾಣಲಿಲ್ಲ.

"ನೀವು ಎಳದ ಗೆರಿ ನೀರಾಗ ನಿಲ್ಲಲಿಲ್ರಿ ಯಪ್ಪಾ, ತೊಳಕೊಂಡು ಹೋಗತಿತ್ತು. ಹೊಳ್ಯಾಗ ಹೋಗೋದರ ಹಣಿ ಬೋಳು ಇರಬಾರ್ದಲ್ರಿ. ಅದಕ್ಕ ನಾನು ನೀರು ಮುಟ್ಟದ ಜಾಗದಾಗ ಇಬತ್ತಿ ಹಚ್ಚಿದೆ. ಸ್ವಾಮಾರಕ್ಕೊಮ್ಮಿ ತಪ್ಪದ ಹಚ್ಚತೀನಿ. ಸಾಹೇಬ್ರು ಹಾಕಿಕೊಟ್ಟದ್ದು, ಬಿಡಬಾರ್ದು ಅಂತ."

ಅವಳಿಗೆ ಆ ಗೆರೆ ಅಳತೆಯಾಗಿ ಕಂಡಿರಲಿಲ್ಲ, ರಕ್ಷೆಯಾಗಿ ಕಂಡಿತ್ತು. ಬಿಳಿಯ ಗೆರೆಯೆಂದರೆ ಹಣೆಯ ಮೇಲಿನ ಭಸ್ಮ. ಅದು ಅಳಿಸಿದರೆ ಅಳಿಸದ ಜಾಗಕ್ಕೆ ಹಚ್ಚಬೇಕು. ನಮ್ಮ ಯಾವ ಮನೆಯಲ್ಲಾದರೂ ಹಿರಿಯ ಹೆಂಗಸು ಹಾಗೆಯೇ ಮಾಡುತ್ತಿದ್ದಳು. ನೀರು ಮುಟ್ಟಬಾರದೆಂದು ಅವಳು ಎಳೆದ ಗೆರೆಯನ್ನು, ನೀರು ಅಲ್ಲಿಯವರೆಗೆ ಬರಬಹುದು ಎಂಬ ಪರವಾನಗಿಯನ್ನಾಗಿ ಮಾಡಿಕೊಂಡವನು ಗುತ್ತಿಗೆದಾರ. ಅವಳಿಗೆ ಮೊಳೆಯ ಗೀಚಿನ ಅರ್ಥ ತಿಳಿದಿರಲಿಲ್ಲ. ಅವನಿಗೆ ತಿಳಿದಿತ್ತು. ಅವನು ಸುಣ್ಣದ ಮಡಕೆ ಹಿಡಿದು ಒಂದು ಗೆರೆಯನ್ನು ನೋಡಿದ್ದ, ಆಮೇಲೆ ಪ್ರತಿದಿನ ದಂಡೆಯಲ್ಲಿ ನಿಂತು ಮೂರು ಗೆರೆಗಳನ್ನು ನೋಡಿದ್ದ. ಒಂದು ಹೇಗೆ ಮೂರಾಯಿತು, ಕೆಳಗಿದ್ದದ್ದು ಹೇಗೆ ಮೇಲೇರಿತು ಎಂದು ಕೇಳಿಕೊಳ್ಳದಿರುವುದು ಅವನಿಗೆ ಅನುಕೂಲವಾಗಿತ್ತು.

ಚಿಕ್ಕಪ್ಪ ಮುದುಕಿ ಕೊಟ್ಟ ಮಜ್ಜಿಗೆ ಕುಡಿದರು, ಅವಳ ಮೊಣಕಾಲ ನೋವು ಹೇಗಿದೆ ಎಂದು ವಿಚಾರಿಸಿದರು. ನಾನು ಅಂದೇ ಸಮಿತಿಗೆ ಬರೆಯಬೇಕೆಂದೆ. ಸಿರುಗುಪ್ಪಕ್ಕೆ ಮರಳುವ ದಾರಿಯಲ್ಲಿ ಅವರು ನಿಂತು ಹೇಳಿದ ಮಾತು ಇದು: "ನೀ ಬರೆದ್ರ ಅವರು ನನ್ನ ಬಿಡತಾರ, ಈ ಮುದುಕಿನ್ನ ಹಿಡೀತಾರ. ಆ ಗುತ್ತಿಗೆದಾರಗ ಏನೂ ಆಗಂಗಿಲ್ಲ. ನಾನು ಹಡಗಿನ್ಯಾಗ ಇರಾಂವ, ನನಗ ನಡೀತೈತಿ. ಆಕಿ ಇದೇ ದಂಡಿ ಮ್ಯಾಲೆ ಬದುಕಬೇಕು."

ನಡೆಯುತ್ತದೆ ಎಂದರು. ನಡೆಯಲಿಲ್ಲ ಎಂಬುದಕ್ಕೆ ಆ ರಜೆಯ ಉಳಿದ ದಿನಗಳೇ ಸಾಕ್ಷಿ. ರಜೆ ಮುಗಿಯುವ ಮುನ್ನವೇ ಅವರು ಹೊರಟರು. ಬಳ್ಳಾರಿಯಲ್ಲಿ ಈ ಬಾರಿ ಅವರು ಯಾರನ್ನೂ ನಿಲ್ಲಿಸಿ ಮಾತನಾಡಿಸಲಿಲ್ಲ; ನಾವು ರೈಲಿಗೆ ಬಹಳ ಮೊದಲೇ ನಿಲ್ದಾಣದಲ್ಲಿದ್ದೆವು. ಮುಂದೆ ಎರಡು ರಜೆಗಳನ್ನು ಅವರು ಮುಂಬೈಯಲ್ಲಿಯೇ ಕಳೆದರು. ಕಾಮಾಲೆಯಿಂದ ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿಗೆ ಹೋಗಿದ್ದ ನನ್ನ ತಂದೆ ಹೇಳಿದ ಪ್ರಕಾರ, ಅಂತ್ಯಸಂಸ್ಕಾರಕ್ಕೆ ಬಂದ ನಾವಿಕರು, ಅಡಿಗೆಯವರು, ಬಂದರಿನ ಕೂಲಿಗಳು ಸೇರಿ ದಾರಿ ತುಂಬಿಹೋಗಿತ್ತು. ಕುರುಗೋಡಿನಲ್ಲಿ ನಾವು ಮಾಡಿದ ತಿಥಿಗೆ ಹಾಕಿದ ಎಲೆಗಳಲ್ಲಿ ಬಹಳಷ್ಟು ಹಾಗೆಯೇ ಉಳಿದವು.

ಅದಾದ ಮೇಲೆ ನಾನು ನದಿ ದಾಟಿ, ಸತ್ತ ಹೆಂಗಸರಲ್ಲಿ ಒಬ್ಬಳ ಗಂಡನನ್ನು ಕಂಡೆ. ನಮ್ಮ ಮನೆಯವರನ್ನು ಅವನು ದೂಷಿಸುತ್ತಾನೆ ಎಂಬ ಸಿದ್ಧತೆಯಿಂದಲೇ ಹೋಗಿದ್ದೆ. ಅವನು ಕೂಡಲು ಕಂಬಳಿ ಹಾಸಿದ. ವರದಿಯ ವಿಷಯವೇ ಅವನಿಗೆ ತಿಳಿದಿರಲಿಲ್ಲ. ಅವನನ್ನೂ ಯಾರೂ ಕರೆದಿರಲಿಲ್ಲ. ನಾನು ಗೆರೆಯ ಕಥೆಯನ್ನು ವಿವರಿಸಿದೆ. ಎಲ್ಲವನ್ನೂ ಕೇಳಿ ಅವನು ಹೇಳಿದ: "ಗೆರಿ ಯಾರು ಹಾಕಿದ್ರೋ ನನಗ ಗೊತ್ತಿಲ್ರಿ. ಆಕಿ ಹತ್ತೋ ಮುಂದ ಜಾಗ ಇಲ್ಲ ಅಂತ ಯಾರಾರ ಅಂದಿದ್ರ, ಆಕಿ ಇಳೀತಿದ್ದಳು. ಅಂಜುಬುರುಕಿ ಆಕಿ."

ಹಾಗೆ ಹೇಳುವ ಒಬ್ಬನನ್ನು ದಂಡೆಯ ಮೇಲೆ ನಿಲ್ಲಿಸುವುದು ಯಾರ ಕೆಲಸವಾಗಿತ್ತು? ಸಮಿತಿ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. ಕಡವನ್ನು ವರ್ಷವರ್ಷವೂ ಹರಾಜು ಹಾಕುವವರು ಹರಿಗೋಲಿನಲ್ಲಿ ಎಷ್ಟು ಜನ ಹತ್ತಬಹುದೆಂದು ಎಂದೂ ಹೇಳಲಿಲ್ಲ. ರಜೆಯ ಮೇಲೆ ಬಂದ ಒಬ್ಬ ಮನುಷ್ಯ, ತನ್ನ ಕೆಲಸವಲ್ಲದ ಕೆಲಸವನ್ನು, ಮಡಕೆಯ ಸುಣ್ಣದಿಂದ ಮಾಡಿಹೋದ. ಅದು ಅಳಿಸಿದಾಗ ಒಬ್ಬ ಮುದುಕಿ ತನ್ನ ಭಕ್ತಿಗೆ ತಿಳಿದಂತೆ ಅದನ್ನು ಉಳಿಸಿಕೊಂಡಳು. ಇಡೀ ಪ್ರಕರಣದಲ್ಲಿ ಆ ಹರಿಗೋಲಿನ ಬಗ್ಗೆ ಕಾಳಜಿ ತೋರಿದವರು ಇವರಿಬ್ಬರೇ. ಸಂಬಳ ಪಡೆಯುವವರೂ ಲಾಭ ಪಡೆಯುವವರೂ ಏನನ್ನೂ ಮಾಡಲಿಲ್ಲ. ಏನನ್ನೂ ಮಾಡದವರ ಮೇಲೆ ತಪ್ಪು ಹೊರಿಸುವುದು ಕಷ್ಟ ಎಂಬುದೇ ಅವರಿಗೆ ರಕ್ಷಣೆಯಾಯಿತು.

ನಾನು ಕಚೇರಿಯಲ್ಲಿ ಬಾಯಿಮಾತಿನಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರವನ್ನೂ ಇಲ್ಲಿ ದಾಖಲಿಸುತ್ತೇನೆ. ಮೇಲೆ ಅಣೆಕಟ್ಟು ಏಳುತ್ತಿದೆ, ಇನ್ನು ನದಿಯಲ್ಲಿ ಅಷ್ಟು ನೀರೇ ಬರುವುದಿಲ್ಲ, ಹಳೆಯದನ್ನು ಏಕೆ ಕೆದಕುತ್ತೀರಿ ಎಂದರು. ಅಣೆಕಟ್ಟು ಮುಗಿಯುವವರೆಗೆ ನಾಟಿಯ ಹೆಂಗಸರು ನದಿ ದಾಟುವುದನ್ನು ನಿಲ್ಲಿಸುತ್ತಾರೆಯೇ ಎಂದು ಕೇಳಿದೆ.

ಮುದುಕಿಯನ್ನು ಯಾರೂ ಹಿಡಿಯಬಾರದೆಂದು ಚಿಕ್ಕಪ್ಪ ಬಯಸಿದ್ದರು. ಈ ಬರಹವನ್ನು ಓದಿ ಅವಳ ಗುಡಿಸಲಿಗೆ ಹೋಗಿ ಪ್ರಶ್ನೆ ಕೇಳುವ ಧೈರ್ಯ ಮಾಡುವವರು ಮೊದಲು ಗುತ್ತಿಗೆದಾರನ ಮನೆಗೆ ಹೋಗಲಿ.

ಕಡವುಗಳ ಆಡಳಿತವನ್ನು ಹೊತ್ತಿರುವ ಅಧಿಕಾರಿಗಳಲ್ಲಿ ನಾನು ಈ ಮೂಲಕ ವಿಧಿವತ್ತಾಗಿ ಕೇಳಿಕೊಳ್ಳುವುದೇನೆಂದರೆ: ನೌಕಾಪಡೆಯ ಅಧಿಕಾರಿಯ ಮೇಲೆ ದೋಷ ಹೊರಿಸಿರುವ ವಾಕ್ಯವನ್ನು ವರದಿಯಿಂದ ತೆಗೆದುಹಾಕಬೇಕು, ತೆಗೆದದ್ದನ್ನು ಸಿರುಗುಪ್ಪದಲ್ಲಿಯೂ ಕುರುಗೋಡಿನಲ್ಲಿಯೂ ಡಂಗುರ ಸಾರಿ ತಿಳಿಸಬೇಕು. ಗುತ್ತಿಗೆದಾರನನ್ನು ಮತ್ತೆ ಕರೆಸಿ, ಮೊದಲ ಗೆರೆ ಎಲ್ಲಿತ್ತೆಂದು ನನ್ನ ಎದುರಿನಲ್ಲಿ ಕೇಳಬೇಕು. ಸತ್ತವರ ಮನೆಯವರ ಮಾತನ್ನು ಈಗಲಾದರೂ ಕೇಳಬೇಕು. ತುಂಗಭದ್ರೆಯ ಪ್ರತಿಯೊಂದು ಕಡವಿನಲ್ಲಿ ಹರಿಗೋಲಿನ ಅಳತೆಯನ್ನು ಸರ್ಕಾರವೇ ಗೊತ್ತುಮಾಡಿ, ಅಳಿಸದಂತೆ ಗುರುತಿಸಿ, ಅದನ್ನು ಮೀರಿ ಹತ್ತಿಸದಂತೆ ತಡೆಯಲು ಅಧಿಕಾರವುಳ್ಳ ಒಬ್ಬನನ್ನು ದಂಡೆಯಲ್ಲಿ ನಿಲ್ಲಿಸಬೇಕು. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಮಾಡದಿದ್ದರೆ ಏಕೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ನಾಟಿ ಶುರುವಾಗುವ ಮೊದಲು ಉತ್ತರ ನನಗೆ ತಲುಪಬೇಕು.